ತುಮಕೂರು ಸೀಮೆಯ ವಿದ್ಯಾರ್ಥಿಪೋಷಣ ಪರಂಪರೆ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನಕ್ಕೆ ನಮ್ಮ ಪೂರ್ವಿಕರು ವಿಶೇಷ ಗೌರವವನ್ನಿತ್ತಿದ್ದರು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಸಂಗತಿ ಸರ್ವವಿದಿತ. ಆದರೆ ಗ್ರಂಥವು ಕೈಸೇರಿದ ಮಾತ್ರಕ್ಕೆ ವಿದ್ಯೆಯು ಕೈಗೂಡದು. ಓದುವ ಬಾಲಕನಿಗೆ ಹೊತ್ತಿಗೆ ಅನ್ನ, ಶಾಲೆ ಬಿಟ್ಟ ಮೇಲೆ ತಂಗಲು ನೆಲೆ, ಸಂಜೆ ದೀಪದೆದುರು ಕೂರಿಸಿ ಓದಿಸುವ ಹಿರಿಯರು ಬೇಕು. ಇವನ್ನು ಸಮಾಜವೇ ಒದಗಿಸಿಕೊಟ್ಟ ಬಗೆಯನ್ನು ತುಮಕೂರು ಸೀಮೆಯ ಇತಿಹಾಸದಲ್ಲಿ ಕಾಣಬಹುದು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಉನ್ನತ ವಿದ್ಯಾಲಯಗಳು ಬಹುಮಟ್ಟಿಗೆ ಪಟ್ಟಣಗಳಲ್ಲಿಯೇ ಇದ್ದವು. ಹಳ್ಳಿಯ ಮಕ್ಕಳಿಗೆ ಊಟ ವಸತಿಗಳದೇ ಚಿಂತೆ. ಈ ಕೊರತೆಯನ್ನು ನೀಗಲು ಒಂದೊಂದು ಸಮಾಜವೂ ಮುಂದಾಯಿತು. 1899ರಲ್ಲಿ ದಕ್ಷಿಣ ಭಾರತ ಜೈನ ಸಭೆಯೂ, 1905ರಲ್ಲಿ ಮೈಸೂರು ಲಿಂಗಾಯತ ಎಜುಕೇಶನ್ ಫಂಡ್ ಅಸೋಸಿಯೇಷನ್ನೂ, 1906ರಲ್ಲಿ ಒಕ್ಕಲಿಗರ ಸಂಘವೂ ಹುಟ್ಟಿದವು. ತಮ್ಮವರ ಮಕ್ಕಳನ್ನು ಮೇಲೆತ್ತುವುದು ಅಂದಿನ ಅಗತ್ಯವಾಗಿತ್ತು. ಆದರೆ ಪಕ್ಕದ ಮನೆಯ ಬಡ ಬಾಲಕನು ಯಾರವನು ಎಂಬ ಪ್ರಶ್ನೆಯು ಅಲ್ಲಿಗೇ ಮುಗಿಯಲಿಲ್ಲ.

ಜೈನ ಮನೆತನದಲ್ಲಿ ಜನಿಸಿದ ಕರ್ಮವೀರ ಭಾವುರಾವ್ ಪಾಟೀಲರು 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಬಾಲಕರಿಗೂ ಒಂದೇ ವಿದ್ಯಾರ್ಥಿನಿಲಯವನ್ನು ತೆರೆದು ಈ ಪ್ರಶ್ನೆಗೆ ಉತ್ತರವಿತ್ತರು. ತುಮಕೂರಿನಲ್ಲಿ ಆ ಉತ್ತರವು ಸಿದ್ಧಗಂಗೆಯಿಂದ ದೊರೆಯಿತು. ಉದ್ಧಾನ ಶಿವಯೋಗಿಗಳು 1917ರಲ್ಲಿ ಅಲ್ಲಿ ಸಂಸ್ಕೃತ ಪಾಠಶಾಲೆಯನ್ನು ಸ್ಥಾಪಿಸಿದರು. 1941ರಲ್ಲಿ ಮಠದ ಹೊಣೆ ಹೊತ್ತ ಶ್ರೀ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವವರೆಗೂ ಜಾತಿಮತಗಳನ್ನೆಣಿಸದೆ ಸಹಸ್ರಾರು ಮಕ್ಕಳಿಗೆ ಉಚಿತವಾಗಿ ಅನ್ನ, ಅಕ್ಷರ, ಆಶ್ರಯಗಳನ್ನು ನೀಡಿದರು. ಇದಕ್ಕೆ ಆಧಾರವಾದುದು ರಾಜಭಂಡಾರವಲ್ಲ. ಸ್ವಾಮಿಗಳು ಹಳ್ಳಿಹಳ್ಳಿಗೆ ದಯಮಾಡಿಸಿದಾಗ ರೈತರು ತಮ್ಮ ಕಣದ ರಾಗಿಯಲ್ಲಿ ಒಂದು ಪಾಲನ್ನು ಮಕ್ಕಳಿಗೆಂದು ಅರ್ಪಿಸಿದರು. ಕುಣಿಗಲ್ ತಾಲ್ಲೂಕಿನ ಎಡೆಯೂರು ಸಿದ್ಧಲಿಂಗೇಶ್ವರ ಕ್ಷೇತ್ರದ ದಾಸೋಹದಲ್ಲಿಯೂ ಹಸಿದವರಿಗೆ ಉಣಿಸುವ ಇದೇ ಸಂಸ್ಕಾರವಿದೆ.

ಗುಬ್ಬಿಯ ಕೊಡುಗೆಯು ಬೇರೊಂದು ಬಗೆಯದು. 1884ರಲ್ಲಿ ಆರಂಭವಾದ ಅಲ್ಲಿಯ ನಾಟಕ ಕಂಪನಿಯನ್ನು ಬಾಲನಟರಾಗಿ ಸೇರಿ, ಮುಂದೆ ಅದರ ಒಡೆಯರಾದ ಗುಬ್ಬಿ ವೀರಣ್ಣನವರು ಅನೇಕ ಬಾಲಕರಿಗೆ ಊಟವನ್ನೂ ಕಸುಬನ್ನೂ ಕೊಟ್ಟರು. ಮುಂದೆ ಡಾ. ರಾಜಕುಮಾರರೆಂದು ಪ್ರಸಿದ್ಧರಾದ ಮುತ್ತುರಾಜರು ಬಾಲ್ಯದಲ್ಲಿ ಆ ಕಂಪನಿಯಲ್ಲಿ ಪಳಗಿದವರು. ಮನೆಬಿಟ್ಟು ಬಂದು ಸೇರಿದ ಬಿ.ವಿ. ಕಾರಂತರನ್ನು ವೀರಣ್ಣನವರು ಉನ್ನತ ವ್ಯಾಸಂಗಕ್ಕಾಗಿ ಕಾಶಿಗೆ ಕಳುಹಿಸಿದರು. ಕಲೆಯಿಂದ ಬಂದ ಹಣವು ಹೀಗೆ ವಿದ್ಯೆಗೂ ಸಂದಿತು.

ಈ ಚರಿತ್ರೆಯಿಂದ ನಾವು ತಿಳಿಯಬೇಕಾದುದಿಷ್ಟು. ಕಟ್ಟಡವನ್ನು ಒಮ್ಮೆ ಕಟ್ಟಿದರೆ ನೂರು ವರ್ಷ ನಿಂತೀತು. ಮಕ್ಕಳ ಹಸಿವಾದರೋ ದಿನದಿನವೂ ಹುಟ್ಟುವಂಥದು. ಒಬ್ಬ ಶ್ರೀಮಂತನ ದೊಡ್ಡ ದತ್ತಿಯು ಅವನ ಕಾಲಾನಂತರ ಬತ್ತಬಹುದು. ಸಾವಿರ ಮನೆಗಳಿಂದ ವರ್ಷವರ್ಷವೂ ಬರುವ ಸೇರು ಧಾನ್ಯವಾದರೆ ಅಷ್ಟು ಬೇಗ ಬತ್ತದು. ಬಸದಿಯ ಪ್ರತಿಷ್ಠೆಗೆ ಮುಕ್ತಹಸ್ತದಿಂದ ನೆರವಾದ ಶ್ರಾವಕರು ಊರಿನ ಮಕ್ಕಳ ಸಂಜೆಯ ಪಾಠಕ್ಕೂ ಆಟಕ್ಕೂ ಅಂತಹ ಒಂದು ಪಾಲನ್ನು ತೆಗೆದಿರಿಸಲಿ. ಆ ಪಾಠಕ್ಕೆ ಬರುವ ಮಗುವಿನ ಕುಲವನ್ನು ಯಾರೂ ಕೇಳದಿರಲಿ.