ಹಸುವಿನ ಬೆದೆ ಒಂದು ಸಲ ತಪ್ಪಿದರೆ 21 ದಿನ ನಷ್ಟ, ಏಕೆ?

ಜೀವನ್ ಬಿಮಾ ನಗರ, ಕೋಡಿಹಳ್ಳಿ, ತಿಪ್ಪಸಂದ್ರದ ಕಡೆ ಅಪಾರ್ಟ್‌ಮೆಂಟುಗಳ ನಡುವೆಯೂ ಹಸುಗಳು ಕಾಣಸಿಗುತ್ತವೆ. ಒಂದೆರಡು ಹಸು ಸಾಕಿ ಹಾಲು ಮಾರುವ ಮನೆಗೆ ಹಸು ಯಾವಾಗ ಈಯುತ್ತದೆ ಎಂಬುದು ದೊಡ್ಡ ಪ್ರಶ್ನೆ. ಈದರೆ ತಾನೇ ಹಾಲು! ಆದರೆ ಈಯುವ ದಿನ ನಿಗದಿಯಾಗುವುದು ಒಂಬತ್ತು ತಿಂಗಳ ಹಿಂದೆಯೇ, ಅದೂ ಕೆಲವೇ ಗಂಟೆಗಳಲ್ಲಿ. ಅದು ಹೇಗೆಂದು ನೋಡೋಣ.

ಬೆದೆಯ ಲೆಕ್ಕ

ಗಬ್ಬವಿಲ್ಲದ ಆರೋಗ್ಯವಂತ ಹಸು ಸುಮಾರು 21 ದಿನಕ್ಕೊಮ್ಮೆ (18ರಿಂದ 24) ಬೆದೆಗೆ ಬರುತ್ತದೆ. ಬೆದೆ ಇರುವುದು ಹೆಚ್ಚೆಂದರೆ 12ರಿಂದ 18 ಗಂಟೆ. ಅಂಡಾಣು ಹೊರಬರುವುದು ಬೆದೆ ಮುಗಿದು ಹತ್ತು ಹನ್ನೆರಡು ಗಂಟೆಯ ನಂತರ. ಹಾಗಾಗಿ ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು. ಆ ಹೊತ್ತು ತಪ್ಪಿದರೆ ಮತ್ತೆ 21 ದಿನ ಕಾಯಲೇಬೇಕು. ಅಷ್ಟೂ ದಿನ ಮೇವು, ಹಿಂಡಿಯ ಖರ್ಚು ಮಾತ್ರ ನಿಲ್ಲುವುದಿಲ್ಲ.

ನಗರದ ಹಸುವಿನ ತೊಂದರೆ

ಬೇರೆ ಹಸು ಮೇಲೆ ಹತ್ತಿದಾಗ ಅಲುಗದೆ ನಿಲ್ಲುವುದು ಬೆದೆಯ ಅತಿ ಖಚಿತ ಲಕ್ಷಣ. ಕೊಟ್ಟಿಗೆಯಲ್ಲಿ ಒಂದೇ ಹಸು ಕಟ್ಟಿದ್ದರೆ ಈ ಲಕ್ಷಣ ಕಾಣುವ ಅವಕಾಶವೇ ಇಲ್ಲ. ಆಗ ಬೇರೆ ಸುಳಿವುಗಳನ್ನು ಹುಡುಕಬೇಕು: ಗಾಜಿನಂತೆ ತಿಳಿಯಾದ ಲೋಳೆ, ಪದೇ ಪದೇ ಕೂಗು, ಆಗಾಗ ಮೂತ್ರ, ಹಾಲಿನಲ್ಲಿ ಇಳಿಕೆ, ಮೇವಿನ ಮೇಲೆ ನಿರಾಸಕ್ತಿ. ಬೆದೆ ರಾತ್ರಿ ಅಥವಾ ಮುಂಜಾನೆ ಶುರುವಾಗುವುದೂ ಉಂಟು. ಆದ್ದರಿಂದ ಹಾಲು ಕರೆಯುವಾಗಲ್ಲದೆ ಮಲಗುವ ಮುನ್ನವೂ ಒಮ್ಮೆ ನೋಡುವುದು ಒಳ್ಳೆಯದು. ಬೇಸಿಗೆಯ ಸೆಕೆಯಲ್ಲಿ ಲಕ್ಷಣಗಳು ಇನ್ನೂ ಮಂದವಾಗುತ್ತವೆ.

ಒಂದು ವರ್ಷದ ಕ್ಯಾಲೆಂಡರ್

ಹಸು ಜನವರಿ 1ಕ್ಕೆ ಈದಿದೆ ಎಂದುಕೊಳ್ಳೋಣ.

- ಮಾರ್ಚ್ ಆರಂಭದವರೆಗೆ: ಗರ್ಭಕೋಶ ಸುಧಾರಿಸಿಕೊಳ್ಳಲು ಸುಮಾರು 60 ದಿನ ಬಿಡುವು.
- ಮಾರ್ಚ್ 20: ಬೆದೆ ಕಂಡು ಗರ್ಭಧಾರಣೆ.
- ಏಪ್ರಿಲ್ 10ರ ಆಸುಪಾಸು: ಮತ್ತೆ ಬೆದೆಗೆ ಬಂತೇ ಎಂದು ಗಮನಿಸುವುದು.
- ಜೂನ್: ಪಶುವೈದ್ಯರಿಂದ ಗಬ್ಬ ಪರೀಕ್ಷೆ. ಬೆದೆಗೆ ಬಾರದ ಮಾತ್ರಕ್ಕೆ ಗಬ್ಬ ಎನ್ನುವಂತಿಲ್ಲ.
- ಅಕ್ಟೋಬರ್ ಕೊನೆ: ಹಾಲು ಬತ್ತಿಸುವುದು. ಕೆಚ್ಚಲಿಗೆ 60 ದಿನ ವಿಶ್ರಾಂತಿ ಬೇಕು. ಕರು ಹೆಚ್ಚು ಬೆಳೆಯುವುದೂ ಈ ಕೊನೆಯ ತಿಂಗಳುಗಳಲ್ಲೇ.
- ಡಿಸೆಂಬರ್ 25: ಈಯುವ ಅಂದಾಜು ದಿನ.

ಗರ್ಭಾವಧಿ ಸುಮಾರು 280 ದಿನ. ಗರ್ಭಧಾರಣೆಯ ದಿನಕ್ಕೆ ಒಂಬತ್ತು ತಿಂಗಳು, ಐದಾರು ದಿನ ಕೂಡಿಸಿದರೆ ಸಾಕು. ನಾಟಿ ತಳಿಗಳಲ್ಲಿ ಇನ್ನೂ ಕೆಲವು ದಿನ ಹೆಚ್ಚಾಗಬಹುದು.

ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಮಾಂಸಕ್ಕಾಗಿ ಸಾಕುವ ಹಿಂಡುಗಳಿಗೆ ವರ್ಷದಲ್ಲಿ ಎರಡು ಮೂರು ತಿಂಗಳು ಮಾತ್ರ ಹೋರಿ ಬಿಡುವ ಪದ್ಧತಿಯಿದೆ. ಹುಲ್ಲು ಚೆನ್ನಾಗಿರುವ ಕಾಲಕ್ಕೆ ಎಲ್ಲ ಕರುಗಳೂ ಒಟ್ಟಿಗೆ ಹುಟ್ಟಲಿ ಎಂಬುದು ಅವರ ಲೆಕ್ಕ. ನಮ್ಮ ಹಾಲಿನ ಮನೆಗೆ ಇದು ತಿರುಗುಮುರುಗು: ಎರಡು ಹಸುಗಳಿದ್ದರೆ ಬೇರೆ ಬೇರೆ ಕಾಲಕ್ಕೆ ಈದರೇನೇ ವರ್ಷಪೂರ್ತಿ ಹಾಲು.

ಕೆಲವು ತಪ್ಪು ನಂಬಿಕೆಗಳು

*ಗರ್ಭಧಾರಣೆಯ ನಂತರ ರಕ್ತ ಕಂಡರೆ ಗಬ್ಬ ನಿಂತಿಲ್ಲ.* ಹಾಗೇನಿಲ್ಲ. ಬೆದೆ ಮುಗಿದ ಒಂದರಿಂದ ಮೂರು ದಿನದೊಳಗೆ ತುಸು ರಕ್ತ ಕಾಣುವುದು ಸಹಜ. ಬೆದೆ ಗಮನಕ್ಕೆ ಬಾರದೆ ಹೋಗಿದ್ದರೆ ಇದೇ ಒಳ್ಳೆಯ ಸುಳಿವು: ಆ ದಿನ ಗುರುತು ಹಾಕಿ, ಹದಿನೇಳು ಹದಿನೆಂಟು ದಿನದ ನಂತರ ಕಣ್ಣಿಟ್ಟು ಕಾಯಿರಿ.

*ಅಮಾವಾಸ್ಯೆ, ಹುಣ್ಣಿಮೆಗೆ ಬೆದೆ ಬರುತ್ತದೆ.* ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಇಪ್ಪತ್ತೊಂಬತ್ತೂವರೆ ದಿನ, ಬೆದೆಗೆ 21. ಎರಡೂ ತಾಳೆಯಾಗುವುದಿಲ್ಲ.

*ಗಬ್ಬವಾದರೆ ಹಾಲು ನಿಂತುಹೋಗುತ್ತದೆ.* ಗಬ್ಬದಿಂದ ಹಾಲು ಗಮನಕ್ಕೆ ಬರುವಷ್ಟು ಇಳಿಯುವುದು ಸುಮಾರು ಐದು ತಿಂಗಳ ನಂತರ. ಈ ಭಯದಿಂದ ಮುಂದೂಡಿದರೆ ಮುಂದಿನ ಕರುವೂ ಮುಂದೆ ಹೋಗುತ್ತದೆ.

ಯಾವಾಗ ವೈದ್ಯರನ್ನು ಕರೆಯಬೇಕು?

ಮೂರು ಸಲ ಗರ್ಭಧಾರಣೆ ಮಾಡಿಸಿದರೂ ಗಬ್ಬ ನಿಲ್ಲದಿದ್ದರೆ, ಈದು ಎರಡು ಮೂರು ತಿಂಗಳಾದರೂ ಬೆದೆ ಕಾಣದಿದ್ದರೆ, ಲೋಳೆಯಲ್ಲಿ ಕೀವಿದ್ದರೆ ಪರೀಕ್ಷೆ ಮಾಡಿಸಿ. ಸೋಂಕು, ಖನಿಜಾಂಶದ ಕೊರತೆ ಇವೆಲ್ಲ ಸರಿಪಡಿಸಬಹುದಾದ ಕಾರಣಗಳು. ಕಾರಣ ತಿಳಿಯುವ ಮೊದಲೇ ಗೊಡ್ಡು ಎಂದು ಹಣೆಪಟ್ಟಿ ಕಟ್ಟಿ ಹಸುವನ್ನು ಬೀದಿಗೆ ಬಿಡುವವರಿದ್ದಾರೆ. ಎಷ್ಟೋ ಸಲ ಅಲ್ಲಿ ತಪ್ಪಿರುವುದು ಹಸುವಲ್ಲ, ಬೆದೆಯ ಹೊತ್ತು. ಕೊಟ್ಟಿಗೆಯ ಗೋಡೆಗೆ ಒಂದು ಕ್ಯಾಲೆಂಡರ್ ನೇತುಹಾಕಿ, ಪ್ರತಿ ಬೆದೆಯನ್ನೂ ಅದರಲ್ಲಿ ಗುರುತು ಮಾಡಿ.