ಬೆಂಗಳೂರು – ಸ್ಯಾನ್ ಫ್ರಾನ್ಸಿಸ್ಕೊ: ವಿಮಾನ ಮಾರ್ಗದ ಅಂತರ ಮತ್ತು ಪ್ರಯಾಣಾವಧಿ

(ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳ ನಾಗರಿಕರ ಮಾಹಿತಿಗಾಗಿ)

ವ್ಯಾಸಂಗ, ಉದ್ಯೋಗ ಅಥವಾ ಮಕ್ಕಳ ಭೇಟಿಗಾಗಿ ಅಮೆರಿಕದ ಪಶ್ಚಿಮ ಕರಾವಳಿಗೆ ತೆರಳುವವರು ವೀಸಾ, ವಿಮೆ ಮುಂತಾದ ಅರ್ಜಿಗಳಲ್ಲಿ ಪ್ರಯಾಣದ ದಿನಾಂಕಗಳನ್ನು ನಮೂದಿಸಬೇಕಾಗುತ್ತದೆ. ಈ ಲೆಕ್ಕದಲ್ಲಿ ಒಂದು ದಿನ ತಪ್ಪಿದರೂ ವಿಮೆಯ ಅವಧಿ ಕಡಿಮೆಯಾಗುವ ಅಥವಾ ಮುಂದಿನ ವಿಮಾನ ಕೈತಪ್ಪುವ ಸಂಭವವಿರುತ್ತದೆ.

ಅಂತರ

ಎರಡು ನಿಲ್ದಾಣಗಳ ನಡುವಿನ ನೇರ ಅಂತರವು ಸುಮಾರು 14,000 ಕಿ.ಮೀ. ಇದನ್ನು ಸಮತಟ್ಟಾದ ಭೂಪಟದ ಮೇಲೆ ಗೆರೆ ಎಳೆದು ಅಳೆಯುವುದಿಲ್ಲ. ಭೂಗೋಳದ ಮೇಲ್ಮೈಯಲ್ಲಿ ಅತ್ಯಂತ ಹತ್ತಿರವಾದ ಹಾದಿಯನ್ನು ಅಳೆಯಲಾಗುತ್ತದೆ. ಈ ಹಾದಿಯು ಉತ್ತರ ಧ್ರುವ ಪ್ರದೇಶದ ಸಮೀಪ ಸಾಗುತ್ತದೆ. 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾದ ಮೊದಲ ನೇರ ವಿಮಾನವು ಮಹಿಳಾ ಪೈಲಟ್‌ಗಳ ಸಾರಥ್ಯದಲ್ಲಿ ಧ್ರುವ ಮಾರ್ಗವಾಗಿ ಹಾರಿ, ಜನವರಿ 11ರ ಮುಂಜಾನೆ ಬೆಂಗಳೂರು ತಲುಪಿತು.

ಪ್ರಯಾಣಾವಧಿ

ನೇರ ವಿಮಾನಕ್ಕೆ ಸುಮಾರು 17 ರಿಂದ 18 ಗಂಟೆ ಬೇಕಾಗುತ್ತದೆ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ವೇಗದ ಗಾಳಿ ಹಾಗೂ ಆಯ್ದ ಮಾರ್ಗವನ್ನು ಅನುಸರಿಸಿ ಈ ಅವಧಿ ಬದಲಾಗುತ್ತದೆ. ನೇರ ಸೇವೆಗಳು ಕಾಲಕಾಲಕ್ಕೆ ಸ್ಥಗಿತಗೊಳ್ಳುವುದುಂಟು. ಟಿಕೆಟ್ ಪಡೆಯುವ ಮುನ್ನ ವಿಚಾರಿಸತಕ್ಕದ್ದು. ದುಬೈ ಮೂಲಕ ತೆರಳಿದಲ್ಲಿ ಮೊದಲ ಹಂತ ಸುಮಾರು 2,700 ಕಿ.ಮೀ. (4 ಗಂಟೆ), ಎರಡನೆಯದು ಸುಮಾರು 13,000 ಕಿ.ಮೀ. (16 ಗಂಟೆ). ನಡುವಿನ ಕಾಯುವಿಕೆಯನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು.

ದಿನಾಂಕದ ಲೆಕ್ಕ

ಭಾರತದ ಸಮಯವು ಸ್ಯಾನ್ ಫ್ರಾನ್ಸಿಸ್ಕೊಗಿಂತ ಚಳಿಗಾಲದಲ್ಲಿ 13½ ಗಂಟೆ, ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ 12½ ಗಂಟೆ ಮುಂದಿರುತ್ತದೆ. ಟಿಕೆಟ್‌ನಲ್ಲಿ ಆಯಾ ಊರಿನ ಸ್ಥಳೀಯ ಸಮಯವನ್ನೇ ಮುದ್ರಿಸಲಾಗುತ್ತದೆ.

ಉದಾಹರಣೆ (ಚಳಿಗಾಲ):
1. ಬೆಂಗಳೂರಿನಿಂದ 10ನೇ ತಾರೀಖು ಮಧ್ಯಾಹ್ನ 2.00ಕ್ಕೆ ಹೊರಟು 17 ಗಂಟೆ ಪ್ರಯಾಣಿಸಿದವರು ಅಲ್ಲಿ ಅದೇ 10ರ ಸಂಜೆ 5.30ಕ್ಕೆ ಇಳಿಯುತ್ತಾರೆ.
2. ಅಲ್ಲಿಂದ 10ರ ರಾತ್ರಿ 9.00ಕ್ಕೆ ಹೊರಟು 17½ ಗಂಟೆ ಪ್ರಯಾಣಿಸಿದವರು 12ರ ಮುಂಜಾನೆ 4.00ಕ್ಕೆ ಬೆಂಗಳೂರು ತಲುಪುತ್ತಾರೆ. ಕರೆತರಲು ಹೋಗುವವರು 11ರಂದಲ್ಲ, 12ರಂದು ಹಾಜರಿರಬೇಕು.

ಊರಿನಿಂದ ನಿಲ್ದಾಣಕ್ಕೆ

ಮೈಸೂರಿನ ಮಂಡಕಳ್ಳಿ ನಿಲ್ದಾಣದಿಂದ ಅಂತರರಾಷ್ಟ್ರೀಯ ಸೇವೆ ಇಲ್ಲ. ಮೈಸೂರಿನಿಂದ ದೇವನಹಳ್ಳಿ ಬಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಸುಮಾರು 185 ಕಿ.ಮೀ. ಇದಕ್ಕೆ ಮೈಸೂರಿನವರೆಗಿನ ಅಂತರವನ್ನು (ಕೃಷ್ಣರಾಜನಗರ ಸುಮಾರು 40, ಹುಣಸೂರು 45, ಹೆಗ್ಗಡದೇವನಕೋಟೆ 50, ಪಿರಿಯಾಪಟ್ಟಣ 70 ಕಿ.ಮೀ.) ಸೇರಿಸಿಕೊಳ್ಳುವುದು. ಮೈಸೂರಿನಿಂದ ಕೆ.ಎಸ್.ಆರ್.ಟಿ.ಸಿ. ಫ್ಲೈಬಸ್ ಸೌಲಭ್ಯವಿದೆ. 2023ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ವಿಮಾನಗಳು ಎರಡನೇ ಟರ್ಮಿನಲ್‌ನಿಂದ ಹೊರಡುತ್ತಿವೆ.

ವಿಮಾನ ಹೊರಡುವ 3 ಗಂಟೆ ಮೊದಲು ನಿಲ್ದಾಣದಲ್ಲಿರುವುದು ಸೂಕ್ತ. ಮಧ್ಯಾಹ್ನ 2.00ರ ವಿಮಾನಕ್ಕೆ ಹುಣಸೂರಿನವರು 5 ಗಂಟೆ ರಸ್ತೆ ಪ್ರಯಾಣಕ್ಕೂ 1 ಗಂಟೆ ಬೆಂಗಳೂರಿನ ವಾಹನ ದಟ್ಟಣೆಗೂ ಮೀಸಲಿಟ್ಟು ಬೆಳಿಗ್ಗೆ 5.00ರೊಳಗೆ ಹೊರಡತಕ್ಕದ್ದು, ಪಿರಿಯಾಪಟ್ಟಣದವರು ಇನ್ನೂ ಅರ್ಧ ಗಂಟೆ ಮುಂಚಿತವಾಗಿ ಹೊರಡುವುದು.