ಡೆರಿಕ್ ಥಾಮಸ್ ಅವರ 27 ಸ್ಯಾಕ್‌ಗಳು: ಅಧಿಕೃತವಲ್ಲದ ಸಾಕ್ಷ್ಯದ ಬೆಲೆ

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಒಂದೇ ಋತುವಿನಲ್ಲಿ ಅತಿ ಹೆಚ್ಚು ಸ್ಯಾಕ್ ಮಾಡಿದವರು ಯಾರು ಎಂಬ ಪ್ರಶ್ನೆಗೆ ಎರಡು ಉತ್ತರಗಳಿವೆ. ಕಾಲೇಜು ಕ್ರೀಡೆಗಳ ನಿಯಂತ್ರಣ ಸಂಸ್ಥೆಯಾದ ಎನ್‌ಸಿಎಎ ದಾಖಲೆಯಂತೆ ಅರಿಜೋನಾ ಸ್ಟೇಟ್‌ನ ಟೆರೆಲ್ ಸಗ್ಸ್, 2002ರಲ್ಲಿ 24. ಅಲಬಾಮಾ ವಿಶ್ವವಿದ್ಯಾಲಯದ ಲೆಕ್ಕದಂತೆ ಡೆರಿಕ್ ಥಾಮಸ್, 1988ರಲ್ಲಿ 27. ಎದುರಾಳಿ ಕ್ವಾರ್ಟರ್‌ಬ್ಯಾಕ್ ಚೆಂಡೆಸೆಯುವ ಮೊದಲೇ ಆತನನ್ನು ಆಟದ ಗೆರೆಯ ಹಿಂದೆ ಕೆಡವುವುದೇ ಸ್ಯಾಕ್. ಎನ್‌ಸಿಎಎ ಇದನ್ನು ಅಧಿಕೃತವಾಗಿ ಎಣಿಸತೊಡಗಿದ್ದು 2000ದಿಂದ.

ಥಾಮಸ್ ಅವರ ಹಿರಿಮೆಯ ಬಗ್ಗೆ ಭಿನ್ನಾಭಿಪ್ರಾಯವಿಲ್ಲ. ಶ್ರೇಷ್ಠ ಲೈನ್‌ಬ್ಯಾಕರ್‌ಗೆ (ರಕ್ಷಣಾ ವಿಭಾಗದ ಆಟಗಾರ) ಸಲ್ಲುವ 1988ರ ಬಟ್ಕಸ್ ಪ್ರಶಸ್ತಿ, ಮರುವರ್ಷ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಆಟಗಾರರ ಆಯ್ಕೆಯಲ್ಲಿ ಒಟ್ಟಾರೆ ನಾಲ್ಕನೆಯವರಾಗಿ ಕಾನ್ಸಾಸ್ ಸಿಟಿ ಚೀಫ್ಸ್‌ಗೆ ಸೇರ್ಪಡೆ, 2014ರಲ್ಲಿ ಕಾಲೇಜು ಫುಟ್‌ಬಾಲ್ ಹಾಲ್ ಆಫ್ ಫೇಮ್‌ನ ಗೌರವ ಎಲ್ಲವೂ ಸರ್ವವಿದಿತ. ವಿವಾದವಿರುವುದು ಆ 27ರ ಬಗ್ಗೆ ಮಾತ್ರ. ಅಧಿಕೃತವಾಗಿ ಎಣಿಸದ ಸಂಖ್ಯೆ ಬರೀ ಅಭಿಮಾನದ ನೆನಪು, ಅದನ್ನು ಹೋಲಿಕೆಗೆ ತರಬಾರದು ಎಂಬುದು ರೂಢಿಯ ವಾದ. ಈ ವಾದವನ್ನು ನಾನು ಒಪ್ಪುವುದಿಲ್ಲ.

ಸಗ್ಸ್ ಅವರ ತಂಡ 2002ರಲ್ಲಿ 14 ಪಂದ್ಯಗಳನ್ನಾಡಿತು. ಅವರ ಸರಾಸರಿ ಪಂದ್ಯಕ್ಕೆ 1.71. ಅಲಬಾಮಾ 1988ರಲ್ಲಿ ಋತುವಿನ ಕೊನೆಯ ಬೌಲ್ ಪಂದ್ಯವಾದ ಸನ್ ಬೌಲ್ ಸೇರಿ ಆಡಿದ್ದು 12 ಪಂದ್ಯ. ಥಾಮಸ್ ಅಷ್ಟನ್ನೂ ಆಡಿದರೆಂದೇ ಇಟ್ಟುಕೊಂಡರೂ ಸರಾಸರಿ 2.25. ಬೌಲ್ ಪಂದ್ಯವನ್ನು ಬಿಟ್ಟು ಎಣಿಸಿದ್ದರೆ ಅದು ಇನ್ನೂ ಏರುತ್ತದೆ. ಸಗ್ಸ್ ಅವರ ಸರಾಸರಿಗಿಂತ ಕೆಳಗಿಳಿಯಬೇಕಾದರೆ ಥಾಮಸ್ ಅವರ ಲೆಕ್ಕದಿಂದ, ಪೂರ್ಣಸಂಖ್ಯೆಯಲ್ಲಿ ಹೇಳುವುದಾದರೆ, ಕನಿಷ್ಠ 7 ಸ್ಯಾಕ್‌ಗಳನ್ನು ಕಳೆಯಬೇಕು, ಅಂದರೆ ನಾಲ್ಕನೆಯ ಒಂದು ಭಾಗಕ್ಕೂ ತುಸು ಹೆಚ್ಚು. ಅಷ್ಟು ದೊಡ್ಡ ತಪ್ಪು ನಡೆದಿದೆ ಎನ್ನುವವರು ಅದಕ್ಕೆ ಆಧಾರ ಕೊಡಬೇಕು. ಅಧಿಕೃತ ಮುದ್ರೆ ಇಲ್ಲ ಎಂಬ ಒಂದೇ ಕಾರಣ ಆಧಾರವಾಗಲಾರದು.

ಹೊರಗಿನ ಸಾಕ್ಷ್ಯವೂ ಇದೆ. 1988ರಲ್ಲೇ ಪೆನ್ ಸ್ಟೇಟ್ ವಿರುದ್ಧ ಅಲಬಾಮಾ 8–3ರಿಂದ ಗೆದ್ದಿತು. ಆ ಎಂಟರಲ್ಲಿ ಎರಡು ಅಂಕ ಥಾಮಸ್ ಅವರ ಸೇಫ್ಟಿಯಿಂದ (ಚೆಂಡು ಹಿಡಿದ ಎದುರಾಳಿಯನ್ನು ಆತನದೇ ಕೊನೆವಲಯದಲ್ಲಿ ಕೆಡವುವುದು) ಬಂದವು. ಇದು ಅಭಿಮಾನಿಗಳ ಸ್ಮರಣೆಯಲ್ಲ, ಪಂದ್ಯದ ಅಂಕಪಟ್ಟಿಯಲ್ಲೇ ಉಳಿದ ಗುರುತು. ಎನ್‌ಎಫ್‌ಎಲ್ ಸ್ಯಾಕ್‌ಗಳನ್ನು 1982ರಿಂದಲೇ ಅಧಿಕೃತವಾಗಿ ಎಣಿಸುತ್ತಿತ್ತು. ಅಲ್ಲಿ 1990ರ ನವೆಂಬರ್ 11ರಂದು ಸಿಯಾಟಲ್ ವಿರುದ್ಧ ಥಾಮಸ್ ಒಂದೇ ಪಂದ್ಯದಲ್ಲಿ 7 ಸ್ಯಾಕ್ ಮಾಡಿದರು. ನಂತರದ ಸಾಧನೆ ಹಿಂದಿನ ಲೆಕ್ಕವನ್ನು ಸಾಬೀತುಪಡಿಸುವುದಿಲ್ಲ, ನಿಜ. ಆದರೆ 27 ಅಸಂಭವ ಎಂಬ ಶಂಕೆಯನ್ನು ಅದು ಬಹುಮಟ್ಟಿಗೆ ತೆಗೆದುಹಾಕುತ್ತದೆ.

ಸ್ಮರಣೆಯ ಮಿತಿಯನ್ನೂ ಗಮನಿಸಬೇಕು. 1986ರಲ್ಲಿ ಅಲಬಾಮಾದ ಕಾರ್ನೀಲಿಯಸ್ ಬೆನೆಟ್, ನಾಟ್ರ ಡೇಮ್‌ನ ಕ್ವಾರ್ಟರ್‌ಬ್ಯಾಕ್ ಸ್ಟೀವ್ ಬ್ಯೂರ್‌ಲೈನ್ ಅವರನ್ನು ಕೆಡವಿದ ಕ್ಷಣವನ್ನು ಕಲಾವಿದ ಡೇನಿಯಲ್ ಮೂರ್ ಚಿತ್ರವಾಗಿಸಿದರು. ಅಭಿಮಾನಿಗಳ ಮನಸ್ಸಿನಲ್ಲಿ ಆ ಒಂದು ಹೊಡೆತವೇ ಬೆನೆಟ್ ಅವರ ಇಡೀ ಕಾಲೇಜು ಆಟದ ಗುರುತಾಗಿ ನಿಂತಿದೆ. ಸ್ಮರಣೆ ಘಟನೆಯನ್ನು ಕಾಪಾಡುತ್ತದೆ, ಎಣಿಕೆಯನ್ನಲ್ಲ. ಹಾಗಾಗಿ 27ನ್ನು ನೆನಪೆಂದು ಕರೆಯುವುದು ಸರಿಯಲ್ಲ; ಅದು ಬೇರೊಂದು ವ್ಯವಸ್ಥೆ ಬರೆದಿಟ್ಟ ದಾಖಲೆ.

ಥಾಮಸ್ ಅವರು ಸಗ್ಸ್‌ಗಿಂತ ಮೇಲು ಎಂಬುದು ನನ್ನ ನಿರ್ಣಯವಲ್ಲ. ಎದುರಾಳಿಗಳು ಎಷ್ಟು ಬಾರಿ ಚೆಂಡೆಸೆಯಲು ಮುಂದಾದರು ಎಂಬುದು ಈ ತುಲನೆಯಲ್ಲಿ ಸೇರಿಲ್ಲ. ಇಬ್ಬರು ಸೇರಿ ಕೆಡವಿದಾಗ ಎನ್‌ಸಿಎಎ ತಲಾ ಅರ್ಧ ಕೊಡುತ್ತದೆ. ಆ ನಿಯಮದಂತೆ 1988ರ ಪಂದ್ಯಗಳನ್ನು ಚಿತ್ರಸುರುಳಿಗಳಿಂದ ಮತ್ತೆ ಎಣಿಸಿದರೆ 27 ತುಸು ಕುಗ್ಗಬಹುದು. ಎಷ್ಟು ಎಂಬುದು ತೆರೆದ ಪ್ರಶ್ನೆ. ಆ ಮರುಎಣಿಕೆ ಆಗುವವರೆಗೆ ಎರಡೂ ಸಂಖ್ಯೆಗಳನ್ನು, ತಮ್ಮ ತಮ್ಮ ಎಣಿಕೆಯ ಕ್ರಮದ ವಿವರದೊಂದಿಗೆ, ಅಕ್ಕಪಕ್ಕದಲ್ಲಿ ನಮೂದಿಸುವುದೇ ನ್ಯಾಯ.